ಕಿಡ್ನಿಗೂ ಒಂದು ಪಾಸ್‌ಬುಕ್ ಇರಲಿ

ಕಳೆದ ತಿಂಗಳು ನಮ್ಮ ಬಡಾವಣೆಯ ಕನ್ನಡ ಬಾಂಧವರು ಸೇರಿ ಒಂದು ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸಿದ್ದರು. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಸಕ್ಕರೆ ನೋಡಿದರು, ರಕ್ತದೊತ್ತಡ ನೋಡಿದರು, ತೂಕ ನೋಡಿದರು, ಕಣ್ಣು ನೋಡಿದರು. ಕೊನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಫಿ. ರಜೆಯ ದಿನ ನಿದ್ದೆ ಬಿಟ್ಟು ದುಡಿದ ಕಾರ್ಯಕರ್ತರ ಶ್ರಮವನ್ನು ಮೆಚ್ಚಲೇಬೇಕು. ಆದರೂ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಇಷ್ಟೆಲ್ಲ ನೋಡಿದವರು ಮೂತ್ರ ಪರೀಕ್ಷೆಯನ್ನೇಕೆ ಕೈಬಿಟ್ಟರು? ಸಂಘಟಕರೊಬ್ಬರನ್ನು ಕೇಳಿಯೇಬಿಟ್ಟೆ. "ಅಯ್ಯೋ ಬಿಡಿ ಸಾರ್, ಅದೆಲ್ಲ ಮುಜುಗರದ ವಿಷಯ. ಅದನ್ನಿಟ್ಟರೆ ಹೆಂಗಸರು ಬರೋದೇ ಇಲ್ಲ" ಎಂದರು.

ಆ ಮುಜುಗರದ ಬೆಲೆ ಎಷ್ಟೆಂದು ನನ್ನ ಮನೆಯಲ್ಲಿ ನಾನು ಕಂಡಿದ್ದೇನೆ. ಅದನ್ನು ನಾಲ್ಕು ಜನರೊಂದಿಗೆ ಹಂಚಿಕೊಳ್ಳಬೇಕೆಂದೇ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತು ವರ್ಷಗಳಿಂದ ದೆಹಲಿಯಲ್ಲಿರುವ ಸಾಮಾನ್ಯ ಮನುಷ್ಯ. ನನಗೆ ಗೊತ್ತಿರುವುದು ಜಮಾ ಖರ್ಚಿನ ಲೆಕ್ಕ ಮಾತ್ರ. ಆದರೆ ಮನೆಯಲ್ಲಿ ದೀರ್ಘಕಾಲದ ಕಾಯಿಲೆಯೊಂದು ನೆಲೆಸಿದಾಗ ಎಂಥವನೂ ಒಂದಿಷ್ಟು ಕಲಿಯುತ್ತಾನೆ.

ಬೇಲಿಯೇ ಹೊಲ ಮೇಯುವ ಕಾಯಿಲೆ

2012ರಲ್ಲಿ ನನ್ನ ಶ್ರೀಮತಿಗೆ ಬೆರಳ ಗಂಟುಗಳಲ್ಲಿ ನೋವು, ಸಣ್ಣ ಜ್ವರ, ಬಿಸಿಲಿಗೆ ಹೋದರೆ ಕೆನ್ನೆಯ ಮೇಲೆ ಕೆಂಪು, ಬಾಚಣಿಗೆಯ ತುಂಬ ಕೂದಲು. ದೆಹಲಿಯಲ್ಲಿ ಮಳೆಗಾಲ ಮುಗಿದರೆ ಡೆಂಗಿ, ಚಿಕುನ್‌ಗುನ್ಯಾಗಳ ಕಾಲ. ಅದೇ ಇರಬೇಕೆಂದು ಮೂರು ತಿಂಗಳು ಕಳೆದೆವು. ಕೊನೆಗೆ ರುಮಟಾಲಜಿ ವಿಭಾಗದ ವೈದ್ಯರು ಪರೀಕ್ಷೆಗಳನ್ನು ಮಾಡಿಸಿ "ಲೂಪಸ್" ಎಂದರು. ನಾವು ಆ ಹೆಸರನ್ನು ಕೇಳಿದ್ದು ಅದೇ ಮೊದಲು.

ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತನ್ನವರು ಯಾರು, ಹೊರಗಿನವರು ಯಾರು ಎಂಬ ಗುರುತು ತಪ್ಪಿ ಸ್ವಂತ ಅಂಗಗಳ ಮೇಲೆ ತಿರುಗಿ ಬೀಳುವುದು ಈ ಕಾಯಿಲೆಯ ಗುಣ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥವುಗಳನ್ನು ಆಟೋಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. 2024ರ ಫೆಬ್ರವರಿಯಲ್ಲಿ ಫರಿದಾಬಾದಿನ ಯುವನಟಿ, 'ದಂಗಲ್' ಚಿತ್ರದ ಸುಹಾನಿ ಭಟ್ನಾಗರ್ 19ನೇ ವಯಸ್ಸಿಗೇ ಏಮ್ಸ್‌ನಲ್ಲಿ ತೀರಿಕೊಂಡ ಸುದ್ದಿ ಹಲವರಿಗೆ ನೆನಪಿರಬಹುದು. ಆಕೆಗಿದ್ದದ್ದು ಚರ್ಮ ಮತ್ತು ಸ್ನಾಯುಗಳನ್ನು ಹಿಡಿಯುವ, ಇದೇ ಗುಂಪಿಗೆ ಸೇರಿದ ಡರ್ಮಟೊಮಯೊಸೈಟಿಸ್ ಎಂಬ ಕಾಯಿಲೆ.

ಲೂಪಸ್ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಬಹುಪಾಲು 15ರಿಂದ 45 ವರ್ಷದೊಳಗಿನವರು. ಓದುವ, ಮದುವೆಯಾಗುವ, ಮಕ್ಕಳನ್ನು ಹೆರುವ ವಯಸ್ಸು. ಈ ಕಾಯಿಲೆ ಚರ್ಮ, ಕೀಲುಗಳನ್ನು ಹಿಡಿದರೆ ಕಣ್ಣಿಗೆ ಕಾಣುತ್ತದೆ, ನೋಯುತ್ತದೆ. ಆದರೆ ಹತ್ತರಲ್ಲಿ ನಾಲ್ಕೈದು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಕಿಡ್ನಿಗೂ ಕೈ ಹಾಕುತ್ತದೆ, ಹೆಚ್ಚಾಗಿ ಕಾಯಿಲೆ ಪತ್ತೆಯಾದ ಮೊದಲ ಐದು ವರ್ಷಗಳಲ್ಲಿ. ಹಾಗೆ ಕೈ ಹಾಕಿದಾಗ ನೋವಿಲ್ಲ, ಉರಿಯಿಲ್ಲ. ಅಮೆರಿಕದ ಗಾಯಕಿ ಸೆಲೆನಾ ಗೋಮೆಜ್ ಹಣಕ್ಕಾಗಲಿ ವೈದ್ಯರಿಗಾಗಲಿ ಕೊರತೆ ಇಲ್ಲದವರು. ಅವರೂ ಲೂಪಸ್‌ನಿಂದಾಗಿ 2017ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಳ್ಳಬೇಕಾಯಿತು.

ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬೇಕಾದದ್ದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಗೆ ಬಿಡುತ್ತವೆ. ಸೋಸುಕದ ಬಟ್ಟೆ ಹರಿಯತೊಡಗಿದಾಗ ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಮೊದಲ ಸುಳಿವು ಸಾಮಾನ್ಯವಾಗಿ ಅಲ್ಲೇ ಸಿಗುವುದು.

2020ರ ಆ ಏಳು ತಿಂಗಳು

ಎಂಟು ವರ್ಷ ನಮ್ಮ ಲೆಕ್ಕ ಸರಿಯಾಗಿಯೇ ನಡೆದಿತ್ತು. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ ಎರಡರ ಪರೀಕ್ಷೆ. ದಿನವೂ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ. ಲೂಪಸ್ ಇರುವವರಿಗೆ ಈ ಮಾತ್ರೆ ಊಟದಷ್ಟೇ ಮುಖ್ಯ. ಕಾಯಿಲೆ ಮತ್ತೆ ಮತ್ತೆ ಕೆರಳದಂತೆ ಅದು ತಡೆಯುತ್ತದೆ.

ಅಷ್ಟರಲ್ಲಿ ಕೊರೊನಾ ಬಂತು. ಈ ಮಾತ್ರೆ ಕೊರೊನಾವನ್ನು ತಡೆಯುತ್ತದೆಂಬ ಮಾತು ಹಬ್ಬಿದ್ದೇ ತಡ, ಔಷಧದ ಅಂಗಡಿಗಳಲ್ಲಿ ಅದು ಮಾಯವಾಯಿತು. 2020ರ ಮಾರ್ಚ್ 25ರಂದು ಸರ್ಕಾರ ಅದರ ರಫ್ತು ನಿಷೇಧಿಸಿತು. ಮರುದಿನವೇ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ನಿಯಮ ತಂದಿತು. ಅದು ಕೊರೊನಾಕ್ಕೆ ಉಪಯೋಗವಿಲ್ಲವೆಂದು ಆಮೇಲೆ ದೊಡ್ಡ ದೊಡ್ಡ ಪ್ರಯೋಗಗಳಿಂದ ತಿಳಿಯಿತು. ಆದರೆ ಆ ವಾರಗಳಲ್ಲಿ ಅದು ನಿಜವಾಗಿ ಬೇಕಾದವರಿಗೇ ಸಿಗಲಿಲ್ಲ. ಬ್ಯಾಂಕು ಅಗತ್ಯ ಸೇವೆಯಾದ್ದರಿಂದ ನಾನು ಗುರುತಿನ ಚೀಟಿ ಕುತ್ತಿಗೆಗೆ ಹಾಕಿಕೊಂಡು ಲಾಕ್‌ಡೌನಿನಲ್ಲೂ ಕೆಲಸಕ್ಕೆ ಹೋಗುತ್ತಿದ್ದೆ. ದಾರಿಯಲ್ಲಿ ತೆರೆದಿದ್ದ ಒಂದು ಅಂಗಡಿಯನ್ನೂ ಬಿಡದೆ ಕೇಳಿದೆ. ಹನ್ನೆರಡನೆಯ ಅಂಗಡಿಯಲ್ಲಿ ಎರಡು ಸ್ಟ್ರಿಪ್ ಸಿಕ್ಕವು. ಮುಂದೆ ಸಿಗುತ್ತದೋ ಇಲ್ಲವೋ ಎಂದು ನನ್ನಾಕೆ ನನಗೂ ಹೇಳದೆ ದಿನ ಬಿಟ್ಟು ದಿನ ನುಂಗತೊಡಗಿದಳು.

ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದ್ದವು. ಜೂನಿನಲ್ಲಿ ಪ್ರಯೋಗಾಲಯದ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಮೂತ್ರದ ಡಬ್ಬಿಯನ್ನು ಅವನೂ ಕೇಳಲಿಲ್ಲ, ನಾವೂ ಕೊಡಲಿಲ್ಲ. ಪರ ಹುಡುಗನ ಕೈಗೆ ಅದನ್ನು ಹೇಗೆ ಕೊಡುವುದೆಂಬ ಸಂಕೋಚ ಬೇರೆ. ಚೀಟಿಯಲ್ಲಿ ಕ್ರಿಯಾಟಿನಿನ್ 0.9 ಎಂದಿತ್ತು, ಸಾಮಾನ್ಯ ಮಟ್ಟ 0.6ರಿಂದ 1.1. "ನೋಡು, ಎಲ್ಲ ಸರಿಯಾಗಿದೆ" ಎಂದು ನಾನೇ ತೀರ್ಪು ಕೊಟ್ಟೆ.

ದಸರೆಯ ಹೊತ್ತಿಗೆ ಅವಳೇ ಹೇಳಿದಳು: "ರೀ, ಚಪ್ಪಲಿ ಬಿಗಿಯಾಗ್ತಿದೆ. ಕಮೋಡಿನಲ್ಲಿ ಸೋಪು ಕದಡಿದ ಹಾಗೆ ನೊರೆ ನಿಲ್ಲುತ್ತೆ." ಓಡಿದೆವು. ರಕ್ತದೊತ್ತಡ 150 ದಾಟಿತ್ತು. ಮೂತ್ರದಲ್ಲಿ ಪ್ರೋಟೀನಿಗೂ ಕ್ರಿಯಾಟಿನಿನ್‌ಗೂ ಇರುವ ಅನುಪಾತ 0.2ರ ಒಳಗಿರಬೇಕಾದದ್ದು 2.8 ಇತ್ತು. ರಕ್ತದ ಕ್ರಿಯಾಟಿನಿನ್ 1.1, ಚೀಟಿಯ ಪ್ರಕಾರ ಆಗಲೂ "ಸಾಮಾನ್ಯ"! ವೈದ್ಯರು ಹಳೆಯ ಕಾಗದಗಳನ್ನು ಕೇಳಿದರು. 2019ರಲ್ಲಿ ಅದೇ ಕ್ರಿಯಾಟಿನಿನ್ 0.6 ಇತ್ತು.

ಈ ಲೆಕ್ಕವನ್ನು ಓದುಗರು ಗಮನವಿಟ್ಟು ನೋಡಬೇಕು. ಇಂದು ವೈದ್ಯರು ಬಳಸುವ ಸೂತ್ರದ ಪ್ರಕಾರ 48 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 0.6 ಇದ್ದರೆ ಕಿಡ್ನಿ ಸೋಸುವ ಪ್ರಮಾಣ ಸುಮಾರು 110. ಅದೇ 1.1 ಆದರೆ 62. ಎಂದರೆ ಹತ್ತಿರ ಹತ್ತಿರ ಅರ್ಧದಷ್ಟು ಶಕ್ತಿ ಕುಸಿದಿತ್ತು, ಚೀಟಿಯಲ್ಲಿ ಮಾತ್ರ ಒಂದು ಕೆಂಪು ಗುರುತೂ ಇರಲಿಲ್ಲ. ಇದೇ 1.1 ಅನ್ನು 25 ವರ್ಷದ ಗಂಡಸಿನ ಚೀಟಿಯಲ್ಲಿ ಕಂಡರೆ ಅವನ ಕಿಡ್ನಿ 95ರಷ್ಟು ಚೆನ್ನಾಗಿದೆ ಎಂದರ್ಥ. ಸಂಖ್ಯೆ ಒಂದೇ, ಅರ್ಥ ಬೇರೆ. ಖಾತೆಯಲ್ಲಿ ಇವತ್ತು ಐವತ್ತು ಸಾವಿರ ಇದೆ ಎಂದರೆ ಸಾಲದು, ಹೋದ ವರ್ಷ ಒಂದು ಲಕ್ಷ ಇತ್ತೇ ಇಪ್ಪತ್ತು ಸಾವಿರ ಇತ್ತೇ ಎಂಬುದು ಗೊತ್ತಾಗಬೇಕಲ್ಲವೆ?

ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆದು ಬಯಾಪ್ಸಿ ಮಾಡಿದರು. ಲೂಪಸ್ ಕಿಡ್ನಿ ಕಾಯಿಲೆಯಲ್ಲಿ ಆರು ವರ್ಗಗಳಿವೆ. ನಮ್ಮದು ನಾಲ್ಕನೆಯದು, ಕೂಡಲೇ ಗಟ್ಟಿ ಚಿಕಿತ್ಸೆ ಬೇಡುವಂಥದ್ದು. ಸ್ಟೀರಾಯ್ಡ್, ಮೈಕೋಫಿನೊಲೇಟ್, ರಕ್ತದೊತ್ತಡದ ಮಾತ್ರೆ. ಮುಖ ಊದಿತು, ನಿದ್ದೆ ಹೋಯಿತು. ಒಂದೂವರೆ ವರ್ಷದ ಮೇಲೆ ಅನುಪಾತ 0.5ಕ್ಕಿಂತ ಕೆಳಗೆ ಬಂತು. ಈಗ 0.3 ಇದೆ, ಕ್ರಿಯಾಟಿನಿನ್ 1.0ರಲ್ಲಿ ನಿಂತಿದೆ. ಕಳೆದುಹೋದದ್ದು ಪೂರ್ತಿ ವಾಪಸಾಗಲಿಲ್ಲ, ಉಳಿದದ್ದು ಉಳಿದಿದೆ.

ಕೌಂಟರಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಲೆಕ್ಕ ಹೊಂದುವವರೆಗೆ ಮನೆಗೆ ಹೊರಡದವನು ನಾನು. ಅಂಥವನು ಏಳು ತಿಂಗಳು ಮನೆಯ ಲೆಕ್ಕ ನೋಡಲಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರಿಗೂ ತೊಂದರೆಯಾಯಿತು ನಿಜ. ಆದರೆ ಡಬ್ಬಿ ಕೊಡಲು ನಾಚಿದ್ದು, ಒಂದೇ ಸಂಖ್ಯೆ ನೋಡಿ ನೆಮ್ಮದಿಪಟ್ಟದ್ದು ನಮ್ಮ ತಪ್ಪು. ಅದನ್ನು ಯಾರ ಮೇಲೂ ಹೊರಿಸುವಂತಿಲ್ಲ.

ತೊಂಬತ್ತು ದಿನದ ನಿಯಮ

ಬ್ಯಾಂಕಿನಲ್ಲಿ ಸಾಲದ ಕಂತು 90 ದಿನ ಬಾಕಿಯಾದರೆ ಆ ಖಾತೆಯನ್ನು ಎನ್‌ಪಿಎ ಎನ್ನುತ್ತೇವೆ. ಅದಕ್ಕೂ ಮುಂಚೆಯೇ, ಮೂವತ್ತು ದಿನಕ್ಕೆ, ಅರವತ್ತು ದಿನಕ್ಕೆ ಎಚ್ಚರಿಕೆಯ ಗುರುತು ಹಾಕಿ ಬೆನ್ನು ಹತ್ತುತ್ತೇವೆ. ಮುಳುಗಿದ ಸಾಲದ ವಸೂಲಿ ಎಷ್ಟು ಕಷ್ಟವೆಂದು ಎಲ್ಲ ಬ್ಯಾಂಕಿನವರಿಗೂ ಗೊತ್ತು. ಲೂಪಸ್ ಇರುವವರ ಕಿಡ್ನಿಗೂ ನಾನು ಇದೇ ನಿಯಮ ಇಟ್ಟುಕೊಂಡಿದ್ದೇನೆ. ಕಾಯಿಲೆ ಚುರುಕಾಗಿರುವಾಗ ವೈದ್ಯರು ಹೇಳಿದಷ್ಟು ಸಲ, ಎಲ್ಲ ಚೆನ್ನಾಗಿರುವಾಗಲೂ ತೊಂಬತ್ತು ದಿನ ಮೀರದಂತೆ ಪರೀಕ್ಷೆ. ಚೆನ್ನಾಗಿರುವಾಗ ಮಾಡಿಸುವ ಪರೀಕ್ಷೆಯೇ ನಿಜವಾದ ಪರೀಕ್ಷೆ. ಕಾಲು ಊದಿದ ಮೇಲೆ ಮಾಡಿಸುವುದು ಕಳ್ಳತನವಾದ ಮೇಲೆ ಬೀಗ ಕೊಂಡಂತೆ.

ನಮ್ಮ ಮನೆಯಲ್ಲಿ ಈಗ ಎರಡು ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದಕ್ಕೆ ಪಾಸ್‌ಬುಕ್ ಎಂದೇ ಹೆಸರು. ಪ್ರತಿ ಸಲವೂ ದಿನಾಂಕ, ತೂಕ, ರಕ್ತದೊತ್ತಡ, ಮೂತ್ರದ ಪ್ರೋಟೀನ್ ಅನುಪಾತ, ಮೂತ್ರದಲ್ಲಿ ರಕ್ತಕಣಗಳಿವೆಯೇ ಎಂಬ ವಿವರ, ಕ್ರಿಯಾಟಿನಿನ್, ಸೋಸುವ ಪ್ರಮಾಣ, ಕಾಯಿಲೆ ಕೆರಳುವ ಮುನ್ಸೂಚನೆ ಕೊಡಬಲ್ಲ ಸಿ3, ಸಿ4, ಡಿಎಸ್‌ಡಿಎನ್‌ಎ ಪರೀಕ್ಷೆಗಳ ಫಲಿತಾಂಶ, ಬದಲಾದ ಔಷಧಿ. ಒಂದು ಸಾಲಿನಲ್ಲಿ ಎಲ್ಲ ಮುಗಿಯಬೇಕು. ಹೊಸ ವೈದ್ಯರು ಕೂಡ ಎರಡು ನಿಮಿಷದಲ್ಲಿ ಏರಿಳಿತ ನೋಡಿಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ನಮಗೆ ಸಿಗುವುದೇ ಐದು ನಿಮಿಷ. ಆ ಐದು ನಿಮಿಷ ಕಾಗದ ಹುಡುಕುವುದರಲ್ಲಿ ಕಳೆಯಬಾರದು.

ಕಲಿತ ಕೆಲವು ಸಣ್ಣ ಸಂಗತಿಗಳನ್ನೂ ಹೇಳುತ್ತೇನೆ. ಬೆಳಗಿನ ಮೊದಲ ಮೂತ್ರ ಪರೀಕ್ಷೆಗೆ ಒಳ್ಳೆಯದು. ಮುಟ್ಟಿನ ದಿನಗಳಲ್ಲಿ, ಜ್ವರವಿರುವಾಗ ಕೊಟ್ಟರೆ ಫಲಿತಾಂಶ ದಾರಿ ತಪ್ಪಿಸಬಹುದು. ಒಮ್ಮೆ ಹೆಚ್ಚು ಬಂದ ಮಾತ್ರಕ್ಕೆ ಗಾಬರಿ ಬೇಡ, ಮತ್ತೊಮ್ಮೆ ಮಾಡಿಸಬೇಕು. ಮತ್ತೆಯೂ ಅನುಪಾತ 0.5 ದಾಟಿದರೆ ಕಿಡ್ನಿ ತಜ್ಞರ ಬಾಗಿಲು ತಟ್ಟಲು ತಡಮಾಡಬಾರದು. ಹೈಡ್ರಾಕ್ಸಿಕ್ಲೋರೊಕ್ವಿನ್ ಪ್ರಮಾಣ ತೂಕದ ಮೇಲೆ ನಿಂತಿದೆ, ಕಿಡ್ನಿ ಕುಗ್ಗಿದರೆ ಅದನ್ನೂ ಕಡಿಮೆ ಮಾಡಬೇಕಾಗಬಹುದು. ಆ ಮಾತ್ರೆಗಾಗಿ ಕಣ್ಣಿನ ಪರೀಕ್ಷೆಯನ್ನೂ ಮರೆಯುವಂತಿಲ್ಲ.

ಊರಿಗೆ ಹೋದಾಗ ಇನ್ನೊಂದು ಗಂಡಾಂತರ. ಎರಡು ರಾತ್ರಿ ರೈಲಿನಲ್ಲಿ ಕುಳಿತು ಕೀಲು ಹಿಡಿದುಕೊಂಡಿರುತ್ತದೆ. ಪ್ರೀತಿಯ ಬಂಧುಗಳು ಪಕ್ಕದ ಡಾಕ್ಟರ ಹತ್ತಿರ ಕರೆದೊಯ್ದು ನೋವಿನ ಇಂಜೆಕ್ಷನ್ ಕೊಡಿಸುತ್ತಾರೆ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಔಷಧಿಗಳು ಸೋತ ಕಿಡ್ನಿಗೆ ಮತ್ತಷ್ಟು ಪೆಟ್ಟು ಕೊಡುತ್ತವೆ. ಇನ್ನು ಕೆಲವರು ಹೆಸರೇ ಇಲ್ಲದ ಪುಡಿ, ಭಸ್ಮ ತಂದುಕೊಡುತ್ತಾರೆ. ಅದರಲ್ಲಿ ಸೀಸ, ಪಾದರಸ ಇದೆಯೋ ಏನೋ ಯಾರು ಬಲ್ಲರು? ಬೇಡವೆಂದರೆ ಅವರಿಗೆ ಬೇಸರ. ಆದರೂ ಕೈ ಮುಗಿದು ಬೇಡವೆನ್ನಬೇಕು. ದೆಹಲಿಯ ಮೇ, ಜೂನ್ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ನೀರಿಲ್ಲದೆ ಬಸವಳಿಯುವುದೂ ಕಿಡ್ನಿಗೆ ಒಳ್ಳೆಯದಲ್ಲ. ಲೂಪಸ್ ಇರುವವರಿಗಂತೂ ಬಿಸಿಲೇ ಶತ್ರು.

ದೀಪದ ಬುಡದಲ್ಲೇ ಕತ್ತಲೆ

ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು ರಸ್ತೆಯ ಆಚೀಚೆ ನಿಂತಿವೆ. ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಬಡವರು ಚಳಿಗಾಲದ ರಾತ್ರಿಯಲ್ಲೂ ಆ ಕಾಲುದಾರಿಯಲ್ಲಿ ಮಲಗಿ ಬೆಳಗಿನ ಸರದಿಗೆ ಕಾಯುತ್ತಾರೆ. ನಾವು ಮೆಟ್ರೊ ಹತ್ತಿದರೆ ಒಂದು ಗಂಟೆಯೊಳಗೆ ಅಲ್ಲಿರುತ್ತೇವೆ. ಆದರೂ "ಮುಂದಿನ ವಾರ ನೋಡೋಣ" ಎನ್ನುತ್ತೇವೆ. ದುಡ್ಡಿನ ಮಾತಾದರೆ, 2022ರ ಮೇ ತಿಂಗಳಲ್ಲಿ ಏಮ್ಸ್ 300 ರೂಪಾಯಿವರೆಗಿನ ಪರೀಕ್ಷೆಗಳ ಶುಲ್ಕವನ್ನೇ ತೆಗೆದುಹಾಕಿತು. ಇನ್ನೊಂದು ತುದಿಯ ಲೆಕ್ಕವನ್ನೂ ನೋಡಿ. 2016ರ ಬಜೆಟ್ ಭಾಷಣದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯನ್ನು ಪ್ರಕಟಿಸುತ್ತ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ, ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಜನರ ಕಿಡ್ನಿ ಕೊನೆಯ ಹಂತ ಮುಟ್ಟುತ್ತದೆ, ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಖರ್ಚು ಎಂದು ಹೇಳಿದ್ದರು. ಕೆಲವು ನೂರು ರೂಪಾಯಿಯ ಪರೀಕ್ಷೆ ಎಲ್ಲಿ, ವರ್ಷಕ್ಕೆ ಮೂರು ಲಕ್ಷ ಎಲ್ಲಿ!

ದುಡ್ಡು ಮತ್ತು ದೂರಕ್ಕಿಂತ ದೊಡ್ಡ ಅಡ್ಡಿ ನಮ್ಮಲ್ಲಿರುವ ಮುಚ್ಚುಮರೆ. ನನಗೆ ಪರಿಚಯದ ಕನ್ನಡ ಕುಟುಂಬವೊಂದರಲ್ಲಿ ಮಗಳಿಗೆ ಇಪ್ಪತ್ತೆರಡಕ್ಕೆ ಇದೇ ಕಾಯಿಲೆ. ಹೊರಗೆ ತಿಳಿದರೆ ಸಂಬಂಧ ಬರುವುದಿಲ್ಲವೆಂದು ತಂದೆತಾಯಿ ಯಾರಿಗೂ ಹೇಳಲಿಲ್ಲ. ಮದುವೆಯಾಯಿತು. ಅತ್ತೆಮನೆಯಲ್ಲಿ ಮಾತ್ರೆಯನ್ನು ವಿಟಮಿನ್ ಎಂದು ನುಂಗುತ್ತಿದ್ದ ಹುಡುಗಿ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗುವುದಾದರೂ ಹೇಗೆ? ಎರಡು ವರ್ಷ ಮೂತ್ರ ಪರೀಕ್ಷೆ ಇಲ್ಲ. ಗರ್ಭಿಣಿಯಾದ ಐದನೇ ತಿಂಗಳಲ್ಲಿ ರಕ್ತದೊತ್ತಡ ಏರಿ, ಮೈ ಊದಿ, ಎಲ್ಲ ಒಟ್ಟಿಗೇ ಹೊರಬಿತ್ತು. ಮಗು ಉಳಿಯಲಿಲ್ಲ. ಈಗ ಅವಳು ತವರಿನಲ್ಲಿದ್ದಾಳೆ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಆ ತಂದೆ ನನ್ನ ಮುಂದೆ ಕುಳಿತು, "ಮುಚ್ಚಿಟ್ಟು ನಾನೇ ಕೆಡಿಸಿದೆ" ಎಂದಾಗ ಅವರಿಗೆ ಸಮಾಧಾನ ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಲೂಪಸ್ ಇರುವವರು ತಾಯಿಯಾಗಬಾರದೆಂದೇನೂ ಇಲ್ಲ. ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿರಬೇಕು, ಮೈಕೋಫಿನೊಲೇಟ್‌ನಂಥ, ಗರ್ಭಕ್ಕೆ ಆಗದ ಔಷಧಿಗಳನ್ನು ವೈದ್ಯರು ಮೊದಲೇ ಬದಲಿಸಬೇಕು, ಆಮೇಲೂ ಕಣ್ಣಿಟ್ಟಿರಬೇಕು. ಹೀಗೆ ಮಗು ಪಡೆದು ಸುಖವಾಗಿರುವ ಎಷ್ಟೋ ತಾಯಂದಿರನ್ನು ಆಸ್ಪತ್ರೆಯ ಸರದಿಯಲ್ಲಿ ಕಂಡಿದ್ದೇನೆ. ಆದರೆ ಇದೆಲ್ಲ ಗಂಡ, ಅತ್ತೆ, ಮಾವ ಎಲ್ಲರಿಗೂ ತಿಳಿದಿದ್ದಾಗ ಮಾತ್ರ ಸಾಧ್ಯ. ಗಂಡಿನ ಕಡೆಯವರಿಗೂ ಒಂದು ಮಾತು. ಹುಡುಗಿಯ ಮನೆಯವರು ಧೈರ್ಯ ಮಾಡಿ ನಿಜ ಹೇಳಿದರೆ ಅದನ್ನು ಊರೆಲ್ಲ ಹಬ್ಬಿಸಬೇಡಿ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು, ಆಡಿಕೊಳ್ಳುವುದು ಮಾತ್ರ ಬೇಡ.

ಸಂಘಗಳಿಗೆ ವಿನಂತಿ

ದೆಹಲಿ, ನೊಯ್ಡಾ, ಗುರುಗ್ರಾಮ, ಫರಿದಾಬಾದ್, ಗಾಜಿಯಾಬಾದ್‌ಗಳಲ್ಲಿ ನಮ್ಮ ಕನ್ನಡ ಸಂಘಟನೆಗಳು ರಾಜ್ಯೋತ್ಸವ, ಯುಗಾದಿ, ಗಣೇಶೋತ್ಸವಗಳನ್ನು ಚೆನ್ನಾಗಿ ನಡೆಸುತ್ತಿವೆ. ರಾಮಕೃಷ್ಣಪುರಂನ ದೆಹಲಿ ಕರ್ನಾಟಕ ಸಂಘದ ಸಭಾಂಗಣ ತುಂಬಿದಾಗ ಹೆಮ್ಮೆಯಾಗುತ್ತದೆ. ಅದೇ ಜನಬಲದಿಂದ ಮೂರು ಕೆಲಸ ಆಗಬೇಕೆಂಬುದು ನನ್ನ ಅನಿಸಿಕೆ.

ಮೊದಲನೆಯದು, ನಾವು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಮೂತ್ರ ಪರೀಕ್ಷೆಯೂ ಇರಲಿ. ಬಂದವರೆಲ್ಲರಿಗೂ ಬೇಕೆಂದೇನಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಲೂಪಸ್ ಇರುವವರಿಗೆ, ಮನೆಯಲ್ಲಿ ಕಿಡ್ನಿ ಕಾಯಿಲೆ ಕಂಡವರಿಗೆ ಮಾಡಿದರೂ ಸಾಕು. ಪಟ್ಟಿಯನ್ನು ಅದ್ದಿ ಬಣ್ಣ ನೋಡುವ ಪರೀಕ್ಷೆ ಪೂರ್ತಿ ಖಚಿತವಲ್ಲ ನಿಜ, ಆದರೆ ಯಾರು ಪ್ರಯೋಗಾಲಯಕ್ಕೆ ಹೋಗಬೇಕೆಂದು ಅದು ಹೇಳುತ್ತದೆ. ಮುಜುಗರಕ್ಕೆ ಮದ್ದೂ ಸುಲಭ. ಹೆಂಗಸರಿಗೆ ಬೇರೆ ಕೋಣೆ, ಅಲ್ಲಿ ಮಹಿಳಾ ಕಾರ್ಯಕರ್ತೆಯರು, ಡಬ್ಬಿಯ ಮೇಲೆ ಹೆಸರಿನ ಬದಲು ಸಂಖ್ಯೆ.

ಎರಡನೆಯದು, ಕನ್ನಡದಲ್ಲಿ ಒಂದು ಪಾಸ್‌ಬುಕ್ ಅಚ್ಚು ಹಾಕಿಸಿ ಹಂಚೋಣ. ಎಂಟು ಹತ್ತು ಪುಟ, ಮೇಲೆ ಹೇಳಿದ ಅಂಕಣಗಳು. ಇಲ್ಲಿ ದುಡಿದು ನಿವೃತ್ತರಾಗಿ ಬೆಂಗಳೂರು, ಮೈಸೂರಿಗೆ ಮರಳುವವರು ನಮ್ಮಲ್ಲಿ ಬಹಳ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿಗೆಂದೇ ಸರ್ಕಾರದ ಪ್ರತ್ಯೇಕ ಸಂಸ್ಥೆ ಇದೆ. ಅಲ್ಲಿಗೆ ಹೋದಾಗ ಹತ್ತು ವರ್ಷದ ಲೆಕ್ಕ ಕೈಯಲ್ಲಿದ್ದರೆ ಚಿಕಿತ್ಸೆ ಮೊದಲಿನಿಂದ ಶುರುವಾಗಬೇಕಿಲ್ಲ.

ಮೂರನೆಯದು, ಆಸ್ಪತ್ರೆಗೆ ಜೊತೆಯಾಗುವವರ ಒಂದು ಸಣ್ಣ ಪಟ್ಟಿ. ನಿವೃತ್ತರು ಬಹಳ ಮಂದಿ ಇದ್ದೇವೆ, ಆಗಲಿದ್ದೇವೆ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಒಬ್ಬಳೇ ಸರದಿಯಲ್ಲಿ ನಿಲ್ಲಲಾಗದ ತಂಗಿಯೊಬ್ಬಳಿಗೆ ತಿಂಗಳಿಗೊಂದು ಬೆಳಿಗ್ಗೆ ಕೊಡಲು ನಮಗೆ ಆಗದೇ? ನನ್ನ ಹೆಸರನ್ನು ಆ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.

ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಕಿಡ್ನಿ ದಿನ, ಮೇ 10 ವಿಶ್ವ ಲೂಪಸ್ ದಿನ. ಭಾಷಣ, ಹಾರ, ತುರಾಯಿ ಯಾವುದೂ ಬೇಡ. ಆ ವಾರದ ಭಾನುವಾರ ಒಂದು ಮೇಜು, ಒಂದಿಷ್ಟು ಡಬ್ಬಿ, ಇಬ್ಬರು ಕಾರ್ಯಕರ್ತೆಯರು ಇದ್ದರೆ ಸಾಕು.

ನನ್ನ ಶ್ರೀಮತಿಯನ್ನು ಕೇಳದೆ ನಾನು ಇದನ್ನು ಬರೆದಿಲ್ಲ. "ನಿಮ್ಮ ಹೆಸರಿನ ಜೊತೆ ನನ್ನ ಕಾಯಿಲೆಯೂ ಪೇಪರಿನಲ್ಲಿ ಬರುತ್ತೆ" ಎಂದು ಮೊದಲು ಹಿಂಜರಿದಳು. ಒಂದು ದಿನ ಯೋಚಿಸಿ, "ಬರೀರಿ. ಆ ಹುಡುಗಿಯ ಅಮ್ಮನಿಗೆ ಆವತ್ತು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು" ಎಂದಳು. ನಮ್ಮ ಮುಂದಿನ ಪರೀಕ್ಷೆಗೆ ಇನ್ನು ಹನ್ನೊಂದು ದಿನ ಇದೆ. ನಿಮ್ಮದು ಯಾವಾಗ?